ತೊಲೆಯ ಕೆಳಗೆ ನಿಲ್ಲಿಸಿದ್ದು

ಮೊಮ್ಮಗಳು ಚಾಮರಾಜನಗರದಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶದ ದಿನ ನನ್ನ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಕೆಳಗೊಂದು ಮನೆ, ಮೇಲೊಂದು ಮನೆ, ಅದರ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ಚಿಕ್ಕ ಕೋಣೆ. ಬಂದವರಿಗೆಲ್ಲ ನಾನೇ ಬಾಗಿಲು ತೋರಿಸಿದೆ, ಕಿಟಕಿ ತೋರಿಸಿದೆ, ತೋರಿಸಿದ್ದನ್ನೇ ಮತ್ತೆ ತೋರಿಸಿದೆ. ಹೇಳಿದರೆ ನಗುತ್ತೀರಿ, ಗೋಡೆಗೆ ಕೆನ್ನೆ ಇಟ್ಟೂ ನೋಡಿದೆ. ಆಗ ಅವಳು, ಗಾರೆ ಕೆಲಸ ಮಾಡಿದವನು ನೀನು, ಆ ಕೋಣೆ ಸೇರಿಸಿದರೆ ನಮ್ಮದು ಎರಡು ಅಂತಸ್ತಾ ಮೂರಾ ಹೇಳು ತಾತ ಅಂದಳು. ನೀನು ಎಷ್ಟು ಅಂದರೆ ಅಷ್ಟೇ ಕಣವ್ವ ಅಂದೆ. ಎಲ್ಲರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಇನ್ನೊಬ್ಬರ ಮನೆಯ ಅಂತಸ್ತು ಎಣಿಸುವುದನ್ನು ಬಿಟ್ಟು ಅರವತ್ತು ವರ್ಷ ದಾಟಿದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಸಂತೋಷ ಇಷ್ಟೊಂದು ಆದಾಗ ಒಳಗೆ ಕುಳಿತಿದ್ದೂ ಅದರ ಜೊತೆಗೇ ಎದ್ದು ಬರುತ್ತದೆ.

ಐವತ್ತರ ದಶಕದ ಮಾತು. ನಾವು ಹರದನಹಳ್ಳಿಯವರು. ಅಪ್ಪ ತೀರಿಕೊಂಡಿದ್ದರು, ಮನೆಗೆ ದೊಡ್ಡಪ್ಪನೇ ಯಜಮಾನ. ಅಕ್ಕನನ್ನು ನೋಡಿಕೊಂಡು ಹೋಗಲು ಗುಂಡ್ಲುಪೇಟೆಯಿಂದ ಒಂದು ಗಂಡು ಬಂದಿತ್ತು. ಅವರದು ಎರಡಂತಸ್ತಿನ ಮನೆ ಎಂದು ಹೇಳಿ ಕಳಿಸಿದ್ದರು. ಇನ್ನು ನಾವು ಹೋಗಿ ಅವರ ಮನೆ ನೋಡಬೇಕು. ಒಪ್ಪಿದರೆ ಅಲ್ಲೇ ಊಟ, ಒಪ್ಪದಿದ್ದರೆ ನೀರನ್ನೂ ಮುಟ್ಟದೆ ಎದ್ದು ಬರುವುದು. ಹೊರಡುವ ಮುಂಚೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಆ ಗಂಡು ಅವಳ ಮನಸ್ಸಿಗೆ ಬಂದಿದ್ದ.

"ಮನೆ ಎಂಗಾರ ಇರ್ಲಿ ಕಣ್ಲಾ, ಒಪ್ಕಂಡ್ ಬುಡಿ" ಅಂದಳು. ಅಷ್ಟು ಹೇಳಲಿಕ್ಕೇ ಅವಳ ಮುಖ ಕೆಂಪಾಗಿತ್ತು.

ಗುಂಡ್ಲುಪೇಟೆಯಲ್ಲಿ ಚಾಪೆ ಹಾಸಿ ಕೂರಿಸಿದರು. ಗಂಡಿನ ಅಪ್ಪ ಕೆಂಪು ರುಮಾಲು ಸುತ್ತಿದ್ದ, ಮಾತು ಕಡಿಮೆಯ ಮುದುಕರು. ನೀನೇನು ಮಾಡುತ್ತೀಯಪ್ಪ ಎಂದು ನನ್ನನ್ನು ಕೇಳಿದರು. ಚಾಮರಾಜನಗರದಲ್ಲಿ ಮೇಸ್ತ್ರಿಯೊಬ್ಬರ ಕೈಕೆಳಗೆ ಎರಡು ವರ್ಷದಿಂದ ಗಾರೆ ಕೆಲಸ ಮಾಡುತ್ತೇನೆ ಎಂದೆ. ಪಕ್ಕದಲ್ಲಿ ಗಂಡಿನ ತಮ್ಮ ನಿಂತಿದ್ದ, ಕ್ರಾಪು ಬಾಚಿ, ಕೈಗೆ ವಾಚು ಕಟ್ಟಿಕೊಂಡು.

"ನಮ್ಮ ಇತ್ಲ ಗೋಡೆನೂ ಬಿದ್ದದೆ. ಬಂದಂಗೇ ಮೆತ್ಬುಟ್ ಓಗಿ" ಅಂದ.

ಎಲ್ಲರೂ ನಕ್ಕರು, ನಮ್ಮ ದೊಡ್ಡಪ್ಪ ಕೂಡ. ಮುದುಕರು ಮಾತ್ರ ನಗಲಿಲ್ಲ, ಮಗನನ್ನು ಗದರಿಸಿದರು. ಆದರೂ ನನಗೆ ಮೈಯೆಲ್ಲ ಉರಿಯಿತು.

ಮೇಲಕ್ಕೆ ಹತ್ತಿದೆವು. ಹಲಗೆಯ ನೆಲ, ಒಂದು ಕಿಟಕಿ, ಮೂಲೆಯಲ್ಲಿ ರಾಗಿ ಮೂಟೆಗಳು, ಇನ್ನೊಂದು ಕಡೆ ಸುತ್ತಿಟ್ಟ ಹಾಸಿಗೆ. ದೊಡ್ಡಪ್ಪ ಮೂಟೆ ನೋಡಿ, ಇದು ಅಟ್ಟ, ಇದನ್ನು ಅಂತಸ್ತು ಅನ್ನುತ್ತಾರಾ ಎಂದು ತಕರಾರು ತೆಗೆದರು. ಏಣಿಯಲ್ಲ, ಮೆಟ್ಟಿಲಿದೆ, ಕಿಟಕಿಯಿದೆ, ನಾವು ಮಲಗುವುದೂ ಇಲ್ಲೇ ಎಂದು ಗಂಡಿನ ಕಡೆಯವರು. ಮಾತು ಬೆಳೆಯಿತು. ಕೊನೆಗೆ ದೊಡ್ಡಪ್ಪ, ಗಾರೆ ಕೆಲಸದವನು ನೀನೇ ಹೇಳು ಎಂದು ನನ್ನ ಕಡೆ ತಿರುಗಿದರು.

ನಮ್ಮ ಮೇಸ್ತ್ರಿ ಒಂದು ಲೆಕ್ಕ ಹೇಳಿಕೊಟ್ಟಿದ್ದರು. ರುಮಾಲು ಸುತ್ತಿದವನು ನೆಟ್ಟಗೆ ನಿಂತರೆ ಅದು ಅಂತಸ್ತು, ಬಗ್ಗಬೇಕಾದರೆ ಅಟ್ಟ. ಅದನ್ನೇ ಹೇಳಿದೆ. ಎರಡು ಕಡೆಯವರೂ ಒಪ್ಪಿದರು. ರುಮಾಲು ಸುತ್ತಿದ್ದವರು ಅಲ್ಲಿ ಇಬ್ಬರೇ. ದೊಡ್ಡಪ್ಪ ಕುಳ್ಳು. ಹಾಗಾಗಿ ಮುದುಕರು ತಾವೇ ಮುಂದೆ ಬಂದರು.

ಮೇಸ್ತ್ರಿಯ ಲೆಕ್ಕದಲ್ಲಿ ಇನ್ನೂ ಅರ್ಧವಿತ್ತು. ನಿಲ್ಲಿಸುವುದು ಎರಡು ತೊಲೆಗಳ ನಡುವೆ, ತೊಲೆಯ ಕೆಳಗಲ್ಲ. ತೊಲೆ ಚಾವಣಿಗಿಂತ ಗೇಣುದ್ದ ಕೆಳಗಿರುತ್ತದೆ. ನಾನು ಅದನ್ನು ಮರೆತಿರಲಿಲ್ಲ. ವಾಚಿನವನು ನನ್ನನ್ನೇ ನೋಡುತ್ತಿದ್ದ. ನಾನು ಮುದುಕರ ಭುಜ ಹಿಡಿದು, ಮೆಲ್ಲಗೆ, ಮರ್ಯಾದೆಯಿಂದಲೇ, ತೊಲೆಯ ಕೆಳಕ್ಕೆ ತಂದೆ. ಬಗ್ಗಿದ ಬೆನ್ನು ನೆಟ್ಟಗೆ ಮಾಡಿ ಎಂದೆ. ನೆಟ್ಟಗಾದರು. ರುಮಾಲು ತೊಲೆಗೆ ತಗುಲಿ ಕಳಚಿ, ಬಿಚ್ಚಿಕೊಳ್ಳುತ್ತ ಮೆಟ್ಟಿಲ ತನಕ ಉರುಳಿತು. ಮೆಟ್ಟಿಲಲ್ಲಿ ಅವರ ಮನೆಯ ಹೆಂಗಸರು ನಿಂತಿದ್ದರು. ಬೀಗರಾಗಬೇಕಾದವರ ಮುಂದೆ, ಹೆಂಗಸರ ಮುಂದೆ, ಅವರು ಎರಡೂ ಕೈಯಿಂದ ಬರಿದಾದ ತಲೆ ಮುಚ್ಚಿಕೊಂಡರು.

ಮುದುಕರೇ ಮೊದಲು ಮಾತಾಡಿದರು.

"ಮಗ ಸರ್ಯಾಗೇ ಏಳವ್ನೆ. ಒಂದೇ ಅಂತಸ್ತು ಅನ್ಕಳಿ. ಸುಳ್ಳೇಳ್ಬೇಕು ಅಂತ ಏಳ್ಲಿಲ್ಲ ಕಣ್ರಪ್ಪ, ಅಂತಸ್ತು ಅಂತ್ಲೇ ಅನ್ಕಂಡಿದ್ದೊ."

ಒಂದು ಹೆಜ್ಜೆ ಈಚೆ ಬನ್ನಿ ಎಂದು ನಾನು ಹೇಳಿದ್ದರೆ ಸಾಕಿತ್ತು. ಒಂದೇ ಹೆಜ್ಜೆ. ಹೇಳಲಿಲ್ಲ. ಕೆಳಗೆ ಎಲೆ ಹಾಕಿತ್ತು, ಅನ್ನದ ವಾಸನೆ ಬರುತ್ತಿತ್ತು. ದೊಡ್ಡಪ್ಪ ಎಲೆಯ ಪಕ್ಕದಲ್ಲೇ ಹಾದು ಚಪ್ಪಲಿ ಮೆಟ್ಟಿಕೊಂಡರು. ಬಸ್ಸಿನಲ್ಲಿ ಗುರುತಿಲ್ಲದವರಿಗೆಲ್ಲ, ನಮ್ಮ ಹುಡುಗ ಅವರ ಸುಳ್ಳನ್ನು ಹೆಂಗೆ ಹಿಡಿದು ಹಾಕಿದ ಗೊತ್ತಾ ಎಂದು ಹೇಳುತ್ತ ಬಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ.

ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ಊಟವಿಲ್ಲದೆ ಬಾಡಿದ ನಮ್ಮ ಮುಖ ನೋಡಿಯೇ ಅಕ್ಕನಿಗೆ ತಿಳಿಯಿತು. ಏನೂ ಕೇಳದೆ ಒಲೆ ಹಚ್ಚಿದಳು. ಬಡಿಸುವಾಗ ಮಾತ್ರ ಮೆಲ್ಲಗೆ ಕೇಳಿದಳು.

"ನೀನೇ ನೋಡ್ದಾ?"

"ಊ ಕಣಕ್ಕ, ನಾನೇ ನಿಲ್ಸಿ ನೋಡ್ದೆ."

"ಅಂಗಾರೆ ಸರಿ ಬುಡು. ನೀ ನೋಡುದ್ ಮೇಲೆ ಇನ್ನೇನದೆ."

ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಹಸಿವಾಗಿತ್ತು, ಉಂಡೆ.

ಎರಡು ವರ್ಷ ಕಳೆದು ಅವಳನ್ನು ಚಂದಕವಾಡಿಗೆ ಕೊಟ್ಟರು. ಭಾವ ಕೆಟ್ಟವನೇನಲ್ಲ. ಆದರೆ ಹೋದಾಗಲೆಲ್ಲ ಅಕ್ಕ ನನ್ನನ್ನು ಸೊಸೆಯರಿಗೆ ತೋರಿಸಿ, ಸುಳ್ಳು ಹೇಳುವವರ ಮನೆ ಸೇರದ ಹಾಗೆ ನನ್ನನ್ನು ಉಳಿಸಿದವನು ಇವನೇ ಎನ್ನುತ್ತಿದ್ದಳು. ಅವಳು ತೀರಿಹೋಗಿ ಎಂಟು ವರ್ಷವಾಯಿತು. ಆ ಮನೆಯವರು ಸುಳ್ಳು ಹೇಳಿರಲಿಲ್ಲ ಅಂತ ಅವಳಿಗೆ ನಾನು ಹೇಳಲೇ ಇಲ್ಲ.