ಮೌಳಂಗಿಯ ಕೆಂಪು ವೈನ್

ವೈನ್ ಮೂಸಿ ನೋಡುವುದೇ ನನ್ನ ಹೊಟ್ಟೆಪಾಡು ಎಂದರೆ ನಮ್ಮ ಓಣಿಯವರು ಇವತ್ತಿಗೂ ನಂಬಲಿಕ್ಕಿಲ್ಲ. ಮಗಳು ಗೋವಾದ ಹೋಟೆಲಿನಲ್ಲಿ ಮ್ಯಾನೇಜರ್ ಎಂದಷ್ಟೇ ಅವ್ವನಿಗೆ ಹೇಳಿದ್ದೇನೆ. ಲಿಂಗಪೂಜೆ ಮುಗಿಯದೆ ಚಹಾ ಕೂಡ ಮುಟ್ಟದವಳಿಗೆ ಇನ್ನೇನು ಹೇಳಲಿ?

ಕಳೆದ ಸಲ ದಾಂಡೇಲಿಗೆ ಬಂದಾಗ ಬಾಲ್ಯದ ಗೆಳೆಯ ನನ್ನನ್ನು ಹಿಡಿದುಕೊಂಡ. ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಾಗದಕ್ಕೆ ಬಿದಿರು ಬೇಯಿಸುವ ಕಡೆ ಇಬ್ಬರ ಅಪ್ಪಂದಿರೂ ಕೆಲಸಕ್ಕಿದ್ದರು. ಈಗ ಇಬ್ಬರೂ ಇಲ್ಲ. ಗೆಳೆಯ ಊರಾಚೆ ಮೌಳಂಗಿಯ ಹೊಳೆದಂಡೆಯಲ್ಲಿ ತಗಡು ಹೊದಿಸಿ, ಗೋಡೆಗೆ ಪಾಪಸುಕಳ್ಳಿಯ ಚಿತ್ರ ಬರೆಸಿ, ಟೆಕ್ಸಾಸ್-ಮೆಕ್ಸಿಕೋ ಊಟದ ಹೋಟೆಲ್ ತೆರೆಯುವವನಿದ್ದ. ಆ ಎರಡೂ ಸೀಮೆ ಕಂಡವನಲ್ಲ. ಮೆಕ್ಕೆಜೋಳದ ರೊಟ್ಟಿ ಮಡಿಚುವ ಟ್ಯಾಕೊ ಮಾಡಲು ಕಲಿತದ್ದು ಗೋವಾದ ಬೀಚಿನಲ್ಲಿ. ‘ರಾಫ್ಟಿಂಗ್ ಮಾಡಿ ಹಸದವರು ಏನ್ ಕೊಟ್ರೂ ತಿಂತಾರ ಬಿಡೋ’ ಎಂದು ಕಿಚಾಯಿಸಿದೆ. ಅವನು ನಗಲಿಲ್ಲ. ಇದ್ದದ್ದನ್ನೆಲ್ಲ ಇದಕ್ಕೇ ಸುರಿದಿದ್ದ. ಭಾನುವಾರ ಪ್ರವಾಸಿಗರನ್ನು ಕರೆತರುವ ಕಂಪನಿಯವರು ಊಟಕ್ಕೆ ಬರುವವರಿದ್ದರು; ಅವರಿಗೆ ಹಿಡಿಸದಿದ್ದರೆ ಹೋಟೆಲು ಏಳುವ ಮೊದಲೇ ಮಲಗಿದಂತೆ.

‘ಅಡಿಗಿ ನಾ ನೋಡ್ಕೋತೇನಿ. ವೈನ್ ಯಾವುದು ಇಡೂದು, ನೀ ಹೇಳು’ ಎಂದ.

ಉರಿಬಿಸಿಲಿನ ಮಧ್ಯಾಹ್ನ ಅವನ ಹೋಟೆಲಿನಲ್ಲಿ ಕೂತು, ಅವನು ಪೆಟ್ಟಿಗೆಗಟ್ಟಲೆ ತರಿಸಿದ್ದ ವೈನ್ ಒಂದೊಂದೇ ತೆರೆದೆವು. ಬಿಳಿ ವೈನ್ ಖಾರದ ಸಾಲ್ಸಾ ಚಟ್ನಿಗೆ ಒಗ್ಗುವಂತಿತ್ತು, ಇಟ್ಟುಕೋ ಎಂದೆ. ಮುಂದಿನದು ಹಲಗೆ ನೆಕ್ಕಿದ ಹಾಗಿತ್ತು, ಬೇಡವೆಂದೆ. ಆಮೇಲೆ ಕೆಂಪು ವೈನ್ ಬಗ್ಗಿಸಿಕೊಂಡು ಗ್ಲಾಸು ಮೂಗಿಗೆ ಹಿಡಿದೆ.

ಬೆನ್ನ ಹಿಂದೆ ಯಾರೋ ಬಂದು ನಿಂತರು.

ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇಲ್ಲ, ಆಚೆ ಕಾಳಿ ಹೊಳೆ ಅಷ್ಟೇ. ಮತ್ತೆ ಮೂಸಿದೆ. ಮತ್ತೆ ಬಂದರು, ಈ ಸಲ ಇನ್ನೂ ಹತ್ತಿರ. ಹೆದರಿಕೆಯಾಯಿತು, ಆದರೂ ಅವರು ಹೋಗಲಿ ಅನ್ನಿಸಲಿಲ್ಲ.

‘ಎಲ್ಲಾಕ್ಕಿಂತ ಇದ ಛಲೋ ಐತಿ’ ಎಂದೆ.

ಗೆಳೆಯ ಗ್ಲಾಸು ಇಸಿದುಕೊಂಡು ಮೂಸಿದ. ಅವನೂ ಥಟ್ಟನೆ ಬಾಗಿಲ ಕಡೆ ತಿರುಗಿದ.

‘ಯಾರದಾರ ಅಲ್ಲಿ?’ ಎಂದೆ.

‘ಯಾರೂ ಇಲ್ಲ. ಅಪ್ಪ ಡ್ಯೂಟಿ ಮುಗಿಸಿ ಬಂದಂಗಾತು’ ಎಂದ, ಪಿಸುದನಿಯಲ್ಲಿ.

ಅಷ್ಟರಲ್ಲಿ ಅವನ ಹೆಂಡತಿ ನಾಚೋಸ್ ತಟ್ಟೆ ಹಿಡಿದು ಬಂದಳು. ಹಳಿಯಾಳ ಕಡೆಯ ಹಳ್ಳಿಯವಳು. ಬಂದವಳೇ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ‘ಏನ್ರೀ ಅಕ್ಕಾರ, ಕೊಳತ ತತ್ತಿ ವಾಸನಿ. ನಮ್ಮ ಮಾವಾರ ಮಿಲ್ಲಿನ ಅಂಗಿ ನೆನಿ ಹಾಕಿದ್ರ ಹಿಂಗ ನಾರ್ತಿತ್ತು.’

ಆಗ ತಿಳಿಯಿತು. ಅದು ಗಂಧಕದ ವಾಸನೆ, ವೈನ್ ಕೆಟ್ಟಿದೆ ಎಂಬುದರ ಗುರುತು. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವುದೇ ಅದನ್ನು. ಆದರೆ ಮಿಲ್ಲಿನಲ್ಲಿ ಬಿದಿರು ಬೇಯಿಸುವಾಗ ಏಳುವುದೂ ಅದೇ ವಾಸನೆ; ಕ್ವಾರ್ಟರ್ಸಿನ ಮಕ್ಕಳಿಗೆ ಅದು ನಾತವೇ ಅಲ್ಲ. ಪಾಳಿ ಮುಗಿದ ಮೇಲೆ, ಚಿಲಕ ಸದ್ದು ಮಾಡುವ ಮೊದಲೇ, ಅಪ್ಪ ಬಂದರೆಂದು ನಮಗೆ ಗೊತ್ತಾಗುತ್ತಿದ್ದದ್ದು ಅದರಿಂದಲೇ.

ಅಪ್ಪನ ಮುಖ ಫೋಟೋದಲ್ಲಿದೆ, ದನಿ ಮೊಬೈಲಿನಲ್ಲಿದೆ. ಇದೊಂದು ಎಲ್ಲಿಯೂ ಉಳಿದಿರಲಿಲ್ಲ. ಸುಮ್ಮನಿದ್ದುಬಿಡೋಣ, ಭಾನುವಾರ ಇದನ್ನೇ ಬಡಿಸಲಿ ಎಂದು ಒಂದು ಕ್ಷಣ ಮನಸ್ಸು ಜಾರಿತು. ಗೆಳೆಯ ನನ್ನ ಬಾಯನ್ನೇ ನೋಡುತ್ತಿದ್ದ.

‘ತಾಮ್ರದ್ದು ಏನರ ಐತೇನು?’ ಎಂದು ಕೇಳಿದೆ. ಅವನ ಹೆಂಡತಿ ತಂಬಿಗೆ ತಂದುಕೊಟ್ಟಳು. ಗಂಧಕದ ವಾಸನೆಯಾದರೆ ತಾಮ್ರ ಅದನ್ನು ಎಳೆದುಕೊಳ್ಳುತ್ತದೆ; ಇದು ಪರೀಕ್ಷೆಗೆ ಮಾತ್ರ, ಹಾಗೆ ಮಾಡಿ ಬಡಿಸುವಂತಿಲ್ಲ. ಸ್ವಲ್ಪ ವೈನ್ ಹಾಕಿ ಅಲುಗಿಸಿ ಮೂಸಿದೆ. ನೇರಳೆಹಣ್ಣಿನ ವಾಸನೆ ಬಂತು. ಬೆನ್ನ ಹಿಂದೆ ಯಾರೂ ಇರಲಿಲ್ಲ. ದುಃಖ ಉಕ್ಕಿ ಬಂತು.

‘ಕೆಟ್ಟೈತಿ. ಎಲ್ಲಾ ವಾಪಸ್ ಕಳಸು’ ಎಂದೆ.

ಅವನು ತಲೆಯಾಡಿಸಿದ. ಪೆಟ್ಟಿಗೆಗಳನ್ನು ಹೊರಗೆ ಒಯ್ದ. ಕಡೆಯ ಪೆಟ್ಟಿಗೆಯ ಮುಂದೆ ನಿಂತು, ನನ್ನ ಕಡೆ ನೋಡದೆ, ‘ಒಂದು ಬಾಟ್ಲಿ ಇಟ್ಕೊಳ್ಳೇನು?’ ಎಂದು ಕೇಳಿದ.

‘ಎರಡು ತಗಿ. ಒಂದು ನನಗ.’

ಅದು ಈಗ ಗೋವಾದ ನನ್ನ ಕೋಣೆಯಲ್ಲಿದೆ. ಮುಚ್ಚಳ ತೆಗೆದರೆ ಗಾಳಿ ತಾಗಿ ಆ ವಾಸನೆ ಬಹಳ ಹೊತ್ತು ನಿಲ್ಲುವುದಿಲ್ಲ. ಅಪ್ಪ ಇನ್ನೊಂದೇ ಸಲ ಬರಬಲ್ಲರು. ಇನ್ನೂ ತೆರೆದಿಲ್ಲ.