ಬಗ್ಗಬೇಡಿ ಅಂದವನೇ ಬಗ್ಗಿ ಅಂದದ್ದು

ಆಂಧ್ರದ ಗಡಿಯೂರು ಆದೋನಿಯಲ್ಲಿ ನನಗೆ ‘ಕರೆಂಟ್ ಡಾಕ್ಟ್ರು’ ಎಂದು ಹೆಸರು. ನಾನು ನೋವಿಗೆ ವ್ಯಾಯಾಮ ಹೇಳಿಕೊಡುವ, ಯಂತ್ರದಿಂದ ಸಣ್ಣಗೆ ಕರೆಂಟ್ ಹಾಯಿಸುವ ಫಿಸಿಯೋಥೆರಪಿಸ್ಟ್, ಆದರೆ ಆ ಪದವನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡು ನಿಂತವರ ಸಹನೆ ಮುಗಿದಿರುತ್ತದೆ. ತೆಲುಗಿನವರು ‘ಕರೆಂಟ್ ಪೆಟ್ಟಂಡಿ’ ಎನ್ನುತ್ತಾರೆ, ಕನ್ನಡದವರು ‘ಕರೆಂಟ್ ಇಡ್ರಿ’ ಎನ್ನುತ್ತಾರೆ. ವ್ಯಾಯಾಮ ಎಂಬ ಪದ ಮಾತ್ರ ಎರಡೂ ಭಾಷೆಯವರಿಗೆ ಕೇಳಿಸುವುದಿಲ್ಲ.

ಇಂಥ ನನಗೆ ಓದುವ ಚಟವೂ ಉಂಟು. ರೋಗಿಗಳಿಲ್ಲದ ಮಧ್ಯಾಹ್ನ ಮೊಬೈಲಿನಲ್ಲಿ ಸಂಶೋಧನೆಯ ಲೇಖನಗಳನ್ನು ಓದುತ್ತೇನೆ. ನೋಡಿದವರಿಗೆ ಕ್ರಿಕೆಟ್ ನೋಡುತ್ತಿರುವಂತೆ ಕಾಣುತ್ತದೆ; ಆಗಾಗ ಅದೂ ನಿಜವೇ. ಹಾಗೆ ಓದುತ್ತಿರುವಾಗ ಬೆನ್ನುನೋವಿನ ವಿಷಯ ಬಂತು. ಸ್ಕ್ಯಾನಿನಲ್ಲಿ ಕಾಣುವ ಸವಕಳಿ ನೋವೇ ಇಲ್ಲದವರ ಬೆನ್ನಿನಲ್ಲೂ ಧಾರಾಳವಾಗಿ ಇರುತ್ತದಂತೆ. ಸಾಮಾನ್ಯ ಬೆನ್ನುನೋವಿಗೆ ಸುಮ್ಮನೆ ಕೂರಿಸುವುದು ಮದ್ದಲ್ಲ, ಓಡಾಡಬೇಕು, ಬಗ್ಗಬೇಕು, ಮೆಲ್ಲಗೆ ಭಾರವನ್ನೂ ಎತ್ತಬೇಕಂತೆ. ಓದಿ ತಲೆದೂಗಿದೆ. ಜ್ಞಾನ ಹೆಚ್ಚಿತೆಂದು ಚಹಾ ತರಿಸಿ ಕುಡಿದೆ. ಅದಕ್ಕೆ ತದ್ವಿರುದ್ಧವಾಗಿ ನಾನೇ ಎಷ್ಟು ಜನರಿಗೆ ಉಪದೇಶ ಮಾಡಿದ್ದೇನೆಂಬುದು ಮಾದೇವಮ್ಮ ಬರುವ ತನಕ ಹೊಳೆಯಲಿಲ್ಲ.

ಮಾದೇವಮ್ಮ ಹತ್ತಿರದ ಎಮ್ಮಿಗನೂರಿನ ನೇಕಾರರ ಮನೆಯಾಕೆ. ಭುಜ ನೋವೆಂದು ಬಂದಿದ್ದರು. ಏನೇನು ಕೆಲಸ ಮಾಡುತ್ತೀರಿ ಎಂದು ಕೇಳಿದೆ.

“ಏನ್ ಮಾಡಂಗಿಲ್ಲ ಅಂತ ಕೇಳ್ರಿ ಸಾರ್. ಮಗ್ಗಾ ನಾನಾ ನೇಯಬೇಕು, ನೀರಿನ ಬಿಂದಿಗಿನೂ ನಾನಾ ಎತ್ತಬೇಕು. ನಮ್ಮನಿಯಾತ ಬಗ್ಗಂಗಿಲ್ಲಲ್ಲ.”

“ಯಾಕೆ ಬಗ್ಗಲ್ಲ?”

ಆಕೆ ನನ್ನ ಮುಖವನ್ನೇ ನೋಡಿದರು. “ನೀವಾ ಬ್ಯಾಡ ಅಂದಿದ್ರಲ್ರಿ!”

ನೆನಪಾಯಿತು. ನಾಲ್ಕು ವರ್ಷದ ಹಿಂದೆ ಆಕೆಯ ಗಂಡ ಈರಣ್ಣ ಬಂದಿದ್ದರು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, “ಬೆನ್ನು ಸವೆದಿದೆ. ಬಗ್ಗಬೇಡಿ, ಭಾರ ಎತ್ತಬೇಡಿ, ಮಗ್ಗ ಬಿಡಿ” ಎಂದು ಗಂಭೀರವಾಗಿ ಹೇಳಿದ್ದೆ. ನನ್ನ ಮಾತನ್ನು ಅಕ್ಷರಶಃ ಪಾಲಿಸಿದ ರೋಗಿ ಅವರೊಬ್ಬರೇ ಇರಬೇಕು. ಗಂಡನಿಗೆ ನಾನು ಕೊಟ್ಟ ಔಷಧ ಹೆಂಡತಿಯ ಭುಜದಲ್ಲಿ ನೋವಾಗಿ ಎದ್ದಿತ್ತು.

ಭಾನುವಾರ ಎಮ್ಮಿಗನೂರಿನ ಬಸ್ಸು ಹತ್ತಿದೆ. ಈರಣ್ಣ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೋಟೋಕ್ಕೆ ಕೂತವರಂತೆ ನೆಟ್ಟಗೆ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಪಕ್ಕದಲ್ಲೇ ಅವರ ಗುಂಡಿಮಗ್ಗ. ಅದರ ಗುಂಡಿಯಲ್ಲಿ ಕಾಲಿಳಿಸಿ ನೇಯುತ್ತಿದ್ದವರು ಮಾದೇವಮ್ಮ. ಈರಣ್ಣನವರ ಕಾಲಿನ ಬಲ, ಸ್ಪರ್ಶ ಎಲ್ಲವನ್ನೂ ಪರೀಕ್ಷಿಸಿದೆ. ಹೆದರುವಂಥದ್ದು ಏನೂ ಇರಲಿಲ್ಲ. ದಾರಿಯುದ್ದಕ್ಕೂ ಚಂದದ ಪೀಠಿಕೆಯೊಂದನ್ನು ಹೊಂದಿಸಿಕೊಂಡಿದ್ದೆ, ಬಾಯಿ ತೆರೆದಾಗ ಎಲ್ಲ ಮರೆತು, “ನಾನು ಅವತ್ತು ಹೇಳಿದ್ದು ತಪ್ಪು, ಈರಣ್ಣ. ನೀವು ಬಗ್ಗಬಹುದು” ಎಂದೆ.

ಅವರು ಮಗ್ಗದ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಮಗ್ಗದ ಪೂಜಿ ದಿನ ಸುದ್ದಾ ನಾನು ಬಗ್ಗಿ ನಮಸ್ಕಾರ ಮಾಡಿಲ್ರಿ. ನಿಂತಾ ಕೈ ಮುಗದೀನಿ. ನಾಕು ವರ್ಸ.”

“ತಪ್ಪಾಯ್ತು” ಎಂದು ಇನ್ನೊಮ್ಮೆ ಹೇಳಿದೆ. ಮಾದೇವಮ್ಮ ಗಂಡನ ಕಡೆ ತಿರುಗಿದರು. ಲಾಳಿ ಬದಿಗಿಟ್ಟು ನಕ್ಕೇಬಿಟ್ಟರು. “ಆತಲ್ಲ, ನಾಳಿಂದ ನೀರು ನೀನಾ ತಾ!”

ನೆಲದ ಮೇಲೆ ಖಾಲಿ ಕಂಡಿಕೆಯೊಂದಿತ್ತು. ಅದನ್ನು ಎತ್ತಿಕೊಳ್ಳಿ ಎಂದೆ. ಈರಣ್ಣ ಎದ್ದು ನಿಂತರು. ಉಸಿರು ಬಿಗಿಹಿಡಿದು, ಬಾವಿಗೆ ಇಣುಕುವವರಂತೆ ಬಗ್ಗಿದರು. ಬೆರಳಿಗೆ ಕಂಡಿಕೆ ಸಿಕ್ಕಿತು. ಮೇಲೆದ್ದು ನನ್ನನ್ನೂ ಹೆಂಡತಿಯನ್ನೂ ನೋಡಿ, “ಏನೂ ಮುರೀಲಿಲ್ಲಲ್ಲ!” ಎಂದರು. ಆಮೇಲೆ ಅದನ್ನು ತಾವೇ ಕೆಳಗೆ ಹಾಕಿ ಮತ್ತೆ ಎತ್ತಿಕೊಂಡರು. ನಾಲ್ಕು ಸಲ ಹೀಗೇ ಆಯಿತು. ಸಾಕು ಎಂದು ನಾನೇ ತಡೆಯಬೇಕಾಯಿತು.

ಕಂಡಿಕೆಯಿಂದ ಅರ್ಧ ಬಿಂದಿಗೆ, ಅಲ್ಲಿಂದ ಹತ್ತು ನಿಮಿಷದ ಮಗ್ಗ. ಎಲ್ಲವೂ ಸಲೀಸಾಗಿ ನಡೆಯಿತೆಂದರೆ ಸುಳ್ಳಾದೀತು. ಮೂರನೇ ದಿನ ಬೆಳಿಗ್ಗೆಯೇ ಈರಣ್ಣನವರ ಫೋನು: “ನೋಯಾಕತ್ತೈತ್ರಿ ಸಾರ್, ಮತ್ತ ತಪ್ಪು ಹೇಳಿದ್ರ್ಯಾ ಹ್ಯಾಂಗ?” ಬಹಳ ದಿನ ದುಡಿಯದ ಮೈ ಹೀಗೆ ಗೊಣಗುತ್ತದೆ, ಸ್ವಲ್ಪ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ ಎಂದೆ. ಫೋನಿಟ್ಟ ಮೇಲೆ ಆ ಲೇಖನವನ್ನು ನಾನೂ ಇನ್ನೊಮ್ಮೆ ಓದಿದೆ. ಎರಡು ತಿಂಗಳಲ್ಲಿ ಈರಣ್ಣ ಅರ್ಧ ದಿನ ನೇಯತೊಡಗಿದ್ದರು. ನೋವು ಪೂರ್ತಿ ಹೋಗಿರಲಿಲ್ಲ, ಹೆದರಿಕೆ ಹೋಗಿತ್ತು. ಹೆಂಡತಿಗೆ ಬಿಡುವು ಸಿಕ್ಕಿ, ಆಕೆಯ ಭುಜ ನನ್ನ ಕರೆಂಟಿನ ಹಂಗಿಲ್ಲದೆ ಸುಧಾರಿಸಿತು.

ಮೊನ್ನೆ ಗಂಡಹೆಂಡತಿ ಇಬ್ಬರೂ ಬಂದಿದ್ದರು, ತಾವು ನೇಯ್ದ ಟವೆಲ್ ಒಂದನ್ನು ಕೊಡಲು. ಹೊರಡುವಾಗ ಈರಣ್ಣ ಬಾಗಿಲಲ್ಲಿ ನಿಂತರು.

“ಸಾರ್, ಒಂದು ಮಾತು ಕೇಳ್ಲ್ಯಾ? ಈಗ ಬಗ್ರಿ ಅಂತ ಹೇಳೀರಲ್ಲ, ಇದು ಎಷ್ಟು ವರ್ಸ ನಡೀತೈತಿ?”

ಸಂಶೋಧಕರ ಸಭೆಯಲ್ಲಿ ಎದ್ದು ಕೇಳಬೇಕಾದ ಪ್ರಶ್ನೆ ಅದು. “ಗೊತ್ತಿಲ್ಲ ಈರಣ್ಣ. ಬದಲಾದರೆ ನಾನೇ ಬಸ್ಸು ಹತ್ತಿ ಬಂದು ಹೇಳುತ್ತೇನೆ” ಎಂದೆ.

“ಹಂಗಾದ್ರ ಚಲೋ ಆತು ಬಿಡ್ರಿ,” ಎಂದರು ಅವರು, ಚಪ್ಪಲಿ ಹಾಕಿಕೊಳ್ಳಲು ಆರಾಮಾಗಿ ಬಗ್ಗುತ್ತ. “ಬರೂದಿದ್ರ ಊಟದ ಹೊತ್ತಿಗೆ ಬರ್ರಿ.”