ಗೃಹಪ್ರವೇಶದ ಹಸು

ಕಡಲಾಚೆಯ ಪುಚೊಂಗ್‌ನ ಕನ್ನಡದವರ ಮನೆಯಲ್ಲಿ ಗೃಹಪ್ರವೇಶವೆಂದರೆ ಮೊದಲ ಫೋನು ಪುರೋಹಿತರಿಗಲ್ಲ, ಚಾಮಯ್ಯನಿಗೆ. ಅವನ ಹಸು ಕೆಂಪಿ ಬಿಡುವಾಗಿದ್ದ ದಿನವೇ ಮುಹೂರ್ತ. ಹಣೆಯಲ್ಲಿ ಅರ್ಧಚಂದ್ರದಂಥ ಬಿಳಿ ಮಚ್ಚೆಯಿದ್ದ ಕೆಂಪಿ ನುಣುಪು ಟೈಲ್ಸಿನ ಮೇಲೂ ಮದುವಣಗಿತ್ತಿಯ ಹಾಗೆ ನಡೆಯುತ್ತಿತ್ತು. ನಡುಮನೆಯಲ್ಲಿ ಸಗಣಿ ಹಾಕಿದರೆ ಮನೆಯವರು ಮೊದಲು ಕೈಮುಗಿಯುತ್ತಿದ್ದರು, ಆಮೇಲೆ ಮೂಗು ಮುಚ್ಚಿಕೊಂಡು ಒರೆಸುತ್ತಿದ್ದರು. ರಬ್ಬರ್ ತೋಟದ ಕೂಲಿಯ ಮೊಮ್ಮಗನಾದ ಚಾಮಯ್ಯನಿಗೆ ಅರವತ್ತರ ಮೇಲೆ ಸಿಕ್ಕ ಮರ್ಯಾದೆಯೆಲ್ಲ ಈ ಹಸುವಿನದೇ.

ಕಳೆದ ತಿಂಗಳು ಒಂದು ಮನೆಯ ಬಾಗಿಲಲ್ಲಿ ಅದನ್ನು ಕಂಡ ಮುನಿಯಾಂಡಿ ಎಂಬ ದನಗಾಹಿ, ಐದು ವರ್ಷದ ಹಿಂದೆ ನೆರೆ ಬಂದಾಗ ಕಳೆದುಹೋದ ತನ್ನ ಹಸು ಇದೇ ಎಂದು ದೂರು ಕೊಟ್ಟ. ನೆರೆಯ ಮರುದಿನ ಅದು ಹರಿದ ಹಗ್ಗದೊಂದಿಗೆ ಚಾಮಯ್ಯನ ಕೊಟ್ಟಿಗೆಗೆ ಬಂದದ್ದು ನಿಜ. ಎರಡು ದಿನ ಅವರಿವರನ್ನು ವಿಚಾರಿಸಿ, ಮೂರನೆಯ ದಿನ ಕಟ್ಟಿಕೊಂಡಿದ್ದ. ಕಿವಿಯಲ್ಲಿ ಗುರುತಿನ ಬಿಲ್ಲೆ ಇರಲಿಲ್ಲ. ಪಶು ಇಲಾಖೆಯ ಅಧಿಕಾರಿ ಸೋಮವಾರ ಸಾಕ್ಷಿ ತನ್ನಿ ಎಂದು ಇಬ್ಬರಿಗೂ ಹೇಳಿದ.

ಕೆಂಪಿ ಕಾಲಿಟ್ಟ ಮನೆಗಳಿಂದೆಲ್ಲ ಚಾಮಯ್ಯ ಫೋಟೊ ಕೇಳಿದ. ಇಪ್ಪತ್ತಮೂರು ಬಂದವು. ಎಲ್ಲದರಲ್ಲೂ ಹಗ್ಗ ಅವನ ಕೈಯಲ್ಲೇ. ಕೊನೆಗೆ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಉಡುಪಿಯ ಸುಗಂಧಿ ಸುದ್ದಿ ಕೇಳಿ ತಾವಾಗಿಯೇ ಫೋನು ಮಾಡಿದರು.

“ನಮ್ಮ ಫೋಟೊನೇ ಎಲ್ಲಕ್ಕಿಂತ ಓಲ್ಡ್ ಮಾರಾಯ್ರೆ! ಫ್ಲಡ್ ಬರುವ ಮುಂಚಿನ ವಾರದ್ದು. ಇನ್ನೆಂಥ ಪ್ರೂಫ್ ಬೇಕು?”

ಅವರು ಕಳಿಸಿದ ಫೋಟೊವನ್ನು ಅವನು ತೆರೆದು ನೋಡಿದ. ಅದೇ ಅರ್ಧಚಂದ್ರ. ಹಗ್ಗ ಹಿಡಿದವನು ಮುನಿಯಾಂಡಿ. ಜನ ಹಸುವನ್ನು ನೋಡುತ್ತಾರೆಯೇ ಹೊರತು ಹಗ್ಗ ಹಿಡಿದವನ ಮುಖ ಯಾರಿಗೆ ಬೇಕು! ಪಕ್ಕದಲ್ಲಿ ಒಂದು ಎಳೆಗರುವೂ ಇತ್ತು. ಬಂದ ಹೊಸತರಲ್ಲಿ ಕೆಂಪಿ ಕೆಚ್ಚಲು ಬಿಗಿದುಕೊಂಡು ಹಗಲೂರಾತ್ರಿ ಕೂಗಿದ್ದು ಚಾಮಯ್ಯನಿಗೆ ನೆನಪಾಯಿತು. ಆ ಹಾಲನ್ನು ಕರೆದು ಮಾರಿದ್ದೂ ನೆನಪಾಯಿತು. ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಫೋಟೊ ಅಳಿಸಲು ಬೆರಳು ಹೋಗಿದ್ದು ಸುಳ್ಳಲ್ಲ.

ಸೋಮವಾರ ಮುನಿಯಾಂಡಿ ಬರಿಗೈಯಲ್ಲಿ ಬಂದಿದ್ದ. ಚಾಮಯ್ಯ ಸುಗಂಧಿಯ ಫೋಟೊವನ್ನೇ ಮೊದಲು ತೋರಿಸಿದ.

ಅಧಿಕಾರಿ ಎರಡು ಸಲ ನೋಡಿ, ಆ ನಾಡಿನ ಧಾಟಿಯಲ್ಲಿ ಎಂದ, “ಬಾಸ್, ಇದು ಅವನ ಸಾಕ್ಷಿ ಲಾ.”

“ಗೊತ್ತು,” ಎಂದ ಚಾಮಯ್ಯ.

ಹೊರಗೆ ಹಗ್ಗ ಕೈ ಬದಲಾಯಿಸಿತು. ಚಾಮಯ್ಯ ತಮಿಳಿನಲ್ಲಿ ಕೇಳಿದ, “ಆ ಕರು ಈಗ ದೊಡ್ಡದಾಗಿರಬೇಕಲ್ವಾ?”

“ಇಲ್ಲಣ್ಣ,” ಎಂದ ಮುನಿಯಾಂಡಿ. “ತಾಯಿಗಾಗಿ ಕೂಗಿ ಕೂಗಿ ಎಂಟನೇ ದಿನ ಸತ್ತುಹೋಯ್ತು.”

ಕೆಂಪಿ ಲಾರಿಯ ಹಲಗೆಗೆ ಕಾಲಿಡದೆ ಚಾಮಯ್ಯನತ್ತ ತಿರುಗಿ ನಿಂತಿತು. ಅವನೇ ಬೆನ್ನು ತಟ್ಟಿ ಹತ್ತಿಸಿದ.